ಮಾಳಪ್ಪನ ಎಡಗೈಗೆ ಯಾವ ಕರ್ಲ್ ಹಿಡಿಸಿತು

ಜಿಮ್ಮಿನ ಬಾಗಿಲಿಗೆ ಬಂದ ಹುಡುಗ ಚಪ್ಪಲಿ ಬಿಡುವ ಮೊದಲೇ ಕೇಳುವ ಪ್ರಶ್ನೆ ಒಂದೇ. "ಸರ್, ರಟ್ಟಿ ಎಷ್ಟ ದಿನದಾಗ ಬರ್ತಾವ್ರಿ?" ಕಾಲು ಬೇಡ, ಬೆನ್ನು ಬೇಡ, ಎದೆ ಆಮೇಲೆ ನೋಡಿದರಾಯಿತು. ಅಂಗಿಯ ತೋಳು ಬಿಗಿಯಾಗಬೇಕು, ಅದೂ ಮುಂದಿನ ಅಮಾವಾಸ್ಯೆಯೊಳಗೆ. ಸಿಂದಗಿ ಬಸ್ ಸ್ಟ್ಯಾಂಡಿನ ಹಿಂದಿನ ಓಣಿಯ ಜಿಮ್ಮಿನಲ್ಲಿ ಆಯುಷ್ಯದ ಒಳ್ಳೆಯ ಭಾಗವನ್ನೆಲ್ಲ ಕಳೆದವನು ನಾನು. ಈ ಪ್ರಶ್ನೆಗೆ ನನ್ನ ಉತ್ತರವೂ ಒಂದೇ ಇತ್ತು. "ರಟ್ಟಿ ಬರ್ತಾವೋ ತಮ್ಮಾ. ನೀ ದಿನಾ ಬರ್ತೀಯೇನು, ಮೊದಲ ಅದನ್ನ ಹೇಳು." ಅರ್ಧ ಜನ ಅಲ್ಲೇ ಹಲ್ಲು ಕಿರಿದು ಹೋಗುತ್ತಿದ್ದರು. ಉಳಿದ ಅರ್ಧದಲ್ಲಿ ನನ್ನ ಹೊಟ್ಟೆ ತುಂಬಿತು.

ಈಗ ಕೆಲಸ ಬಿಟ್ಟು ಮನೆಯಲ್ಲಿದ್ದೇನೆ. ಸರಕಾರದವರ ಹಾಗೆ ಹಾರ ಹಾಕಿ ಕಳಿಸಿದ ನಿವೃತ್ತಿಯಲ್ಲ ಇದು. ಮೊಣಕಾಲು "ಸಾಕೋ ಯಪ್ಪಾ" ಅಂದಿತು, ಮನೆಯವಳು "ಹೌದಲ್ಲ ಮತ್ತ" ಅಂದಳು, ಮುಗಿಯಿತು. ಆದರೆ ಫೋನು ನಿವೃತ್ತಿ ತಗೊಂಡಿಲ್ಲ. ಇಂಡಿಯಲ್ಲಿ ಹೊಸ ಜಿಮ್ಮು ತೆಗೆದವ, ಬಾಗೇವಾಡಿಯಲ್ಲಿ ಕಲಿಸಲು ಸೇರಿದವ, ಮುದ್ದೇಬಿಹಾಳದಲ್ಲಿ ಮೊನ್ನೆ ಮೊನ್ನೆ ಈ ಕೆಲಸಕ್ಕೆ ಬಿದ್ದವ, ಎಲ್ಲರೂ ಕೇಳುತ್ತಾರೆ. "ವಸ್ತಾದ್ರ, ಇಷ್ಟೆಲ್ಲಾ ನಮೂನಿ ಕರ್ಲ್ ಅದಾವಲ್ರಿ, ಎಲ್ಲಾದಕ್ಕಿಂತ ಛಲೋದು ಯಾವುದು?" ಕರ್ಲ್ ಅಂದರೆ ಮತ್ತೇನಿಲ್ಲ. ಕೈಯಲ್ಲಿ ಭಾರ ಹಿಡಿದು, ಮೊಣಕೈ ಮಡಚಿ, ಭುಜದತ್ತ ತರುವುದು; ಮತ್ತೆ ಇಳಿಸುವುದು. ರೊಟ್ಟಿಯ ತುತ್ತು ಬಾಯಿಗೆ ಒಯ್ಯುವಾಗ ನಾವೆಲ್ಲ ಮಾಡುವುದು ಅದನ್ನೇ. ಆದರೆ ಯಾವುದು ಛಲೋ ಎಂಬ ಪ್ರಶ್ನೆಗೆ ಫೋನಿನಲ್ಲಿ ಉತ್ತರ ಕೊಡಲು ನನಗೆ ಬರುವುದಿಲ್ಲ. ಹಮಾಲ ಮಾಳಪ್ಪನ ಕಥೆ ಹೇಳಬೇಕಾಗುತ್ತದೆ, ಅಷ್ಟರಲ್ಲಿ ಅವರ ಕರೆನ್ಸಿ ಮುಗಿಯುತ್ತದೆ. ಅದಕ್ಕೇ ಬರೆಯುತ್ತಿದ್ದೇನೆ.

ಮೊದಲು ನನ್ನ ಬಗ್ಗೆ ಎರಡು ಮಾತು. ನಾನು ಯಂಕಂಚಿಯ ಸಂಗಪ್ಪ. ನಮ್ಮೂರ ಗರಡಿಯಲ್ಲಿ ಕೆಮ್ಮಣ್ಣು ಇತ್ತು, ಎತ್ತಲು ಗುಂಡುಕಲ್ಲು ಇತ್ತು, ಕನ್ನಡಿ ಇರಲಿಲ್ಲ. ನಮ್ಮ ಗುರು ಹಣಮಂತಪ್ಪ ವಸ್ತಾದರ ಎದುರು ರಟ್ಟೆಗೆಂದೇ ಬೇರೆ ಕಸರತ್ತು ಇದೆ ಅಂದಿದ್ದರೆ ಅವರು ಮಣ್ಣಿನಲ್ಲಿ ಹೊರಳಾಡಿ ನಗುತ್ತಿದ್ದರು. "ದಂಡ ಹೊಡಿ, ಬೈಠಕ್ ಹೊಡಿ, ಹಾಲು ಕುಡಿ, ಬಾಯಿ ಮುಚ್ಚು." ಅವರ ಪಾಠ ಅಲ್ಲಿಗೆ ಮುಗಿಯಿತು. ಆಮೇಲೆ ಸಿಂದಗಿಗೆ ಬಂದು ಜಿಮ್ಮು ಸೇರಿದೆ. ಜಿಮ್ಮು ಅಂದರೆ ಆಗ ಏನಿತ್ತು? ಲೇತ್ ಅಂಗಡಿಯಲ್ಲಿ ಕೊಯ್ಯಿಸಿ ತಂದ ಒಂದು ನೆಟ್ಟನೆಯ ರಾಡು, ಎಣ್ಣೆ ಡಬ್ಬಿಗಳಲ್ಲಿ ಸಿಮೆಂಟು ತುಂಬಿ ಮಾಡಿದ ಒಂದು ಜೋಡಿ ಡಂಬೆಲ್ಲು. ಆ ಜೋಡಿಯಲ್ಲಿ ಒಂದು ಇನ್ನೊಂದಕ್ಕಿಂತ ಭಾರ ಇತ್ತೆಂಬುದು ನಮಗೆ ಬಹಳ ದಿನ ಗೊತ್ತೇ ಇರಲಿಲ್ಲ. ಭಾರದ್ದು ಯಾವಾಗಲೂ ಬಲಕ್ಕೇ ಬರುತ್ತಿತ್ತು. ಇವತ್ತಿಗೂ ನನ್ನ ಬಲರಟ್ಟೆ ಎಡದ್ದಕ್ಕಿಂತ ಒಂದು ಕೈ ಮೇಲು. ಅಂಗಿ ಹೊಲಿಯುವವನು ಪ್ರತಿ ಸಲ ಟೇಪು ಎರಡೆರಡು ಸಲ ಹಿಡಿಯುತ್ತಾನೆ.

ಮಾಳಪ್ಪ ಬಂದದ್ದು ನಾನು ಕೆಲಸ ಬಿಡುವ ಸ್ವಲ್ಪ ಮೊದಲು, ಒಂದು ಮಳೆಗಾಲದಲ್ಲಿ. ಸಿಂದಗಿ ಮಾರುಕಟ್ಟೆಯಲ್ಲಿ ಅವನು ಹಮಾಲ. ವಯಸ್ಸು ನಲವತ್ತರ ಆಚೀಚೆ, ಆಳು ಗಟ್ಟಿ. ಆ ಬೇಸಿಗೆಯಲ್ಲಿ ಒಟ್ಟಿದ್ದ ಜೋಳದ ಚೀಲಗಳು ಜಾರಿ ಮೈಮೇಲೆ ಬಂದು ಅವನ ಎಡಗೈ ಮೊಣಕೈ ಕೆಳಗೆ ಮುರಿದಿತ್ತು. ಎಲುಬು ಕೂಡಿದೆ, ಇನ್ನು ಮೆತ್ತಗೆ ಕಸರತ್ತು ಶುರು ಮಾಡಬಹುದೆಂದು ಡಾಕ್ಟರು ಹೇಳಿ ಕಳಿಸಿದ್ದರು. ಅಂಗಿಯ ತೋಳು ಮೇಲೆ ಸರಿಸಿ ತೋರಿಸಿದ. ಬಲಗೈ ಅವನದು, ಎಡಗೈ ಯಾರೋ ಸಾಲಿ ಹುಡುಗನದು ತಂದು ಹಚ್ಚಿದಂತಿತ್ತು.

"ವಸ್ತಾದ್ರ, ತೊಗರಿ ಬರೂದ್ರೊಳಗ ಇದನ್ನ ಸರಿ ಮಾಡಿ ಕೊಡ್ರಿ," ಅಂದ, ಸೈಕಲ್ಲು ರಿಪೇರಿಗೆ ಬಿಟ್ಟವನ ಹಾಗೆ.

"ಯಾಕಪಾ, ತೊಗರಿಗೇನ ಗಡಿಬಿಡಿ?"

ಆಗ ಹೇಳಿದ. ಹಮಾಲರ ಟೋಳಿಗೆ ಒಬ್ಬ ಹಿರಿಯ ಇರುತ್ತಾನೆ, ಅವನಿಗೆ ಮುಕಾದಮ ಅನ್ನುತ್ತಾರೆ. ಇವರ ಟೋಳಿಯ ಮುಕಾದಮ ಭೀಮಶಿ ಕಾಕಾ. ಹಮಾಲರು ದುಡಿಯುವುದು ಜೋಡಿಯಾಗಿ, ಎತ್ತುಗಳ ಹಾಗೆ. ಮಾಳಪ್ಪನ ಜೋಡಿ ಶರಣಪ್ಪ ಎಂಬವನು ಬೇಸಿಗೆಯಿಂದ ಒಂಟಿಯಾಗಿದ್ದ. ತೊಗರಿ ಸುಗ್ಗಿಯಲ್ಲಿ ಲಾರಿಗಳು ಸಾಲು ಹಿಡಿದು ನಿಲ್ಲುತ್ತವೆ, ಆಗ ಒಂಟಿ ಆಳನ್ನು ಇಟ್ಟುಕೊಂಡು ಮುಕಾದಮ ಏನು ಮಾಡಬೇಕು? "ತೊಗರಿ ಬರೂ ಮಟಾ ನಿನ್ನ ಜಾಗಾ ಹಿಡೀತೇನಿ ಮಾಳ್ಯಾ, ಆಮ್ಯಾಲ ನನ್ನ ಕೈಯಾಗ ಇಲ್ಲ," ಎಂದು ಕಾಕಾ ಹೇಳಿಬಿಟ್ಟಿದ್ದ. ಅದೂ ಸುಮ್ಮನೆ ಬಂದು ನಿಂತರೆ ಆಗುವುದಿಲ್ಲ. ಗಾಯವಾಗಿ ಕೂತವನು ತಿರುಗಿ ಬಂದ ದಿನ ಎಲ್ಲರ ಎದುರು ತನ್ನ ಜೋಡಿಯ ಜೊತೆ ಮೂರು ಚೀಲ ಎತ್ತಿ ಎದೆಮಟ್ಟದ ಸಾಲಿನ ಮೇಲೆ ಹಾಕಿ ತೋರಿಸಬೇಕು. ಒಂದು ಬಿದ್ದರೆ ಕ್ಷಮೆ ಉಂಟು. ಎರಡು ಬಿದ್ದರೆ ಮನೆ ದಾರಿ. ಆ ಜಾಗ ಮೊದಲು ಮಾಳಪ್ಪನ ಅಪ್ಪನದಾಗಿತ್ತು.

"ಜಾಗಾ ಹೋದ್ರ ಏನ ಮಾಡ್ತಿ?" ಅಂದೆ.

"ಚೆಲ್ಲಿದ ಕಾಳು ಬಳಿಯೂ ಕೆಲಸಾ ಕೊಡ್ತಾರಂತ್ರಿ." ಅವನು ನೆಲ ನೋಡಿದ. "ನನ್ನ ಟೋಳಿ ಚೀಲ ಹೊರೂದನ್ನ ನೋಡ್ಕೋತ ನಾ ಕಸಬರಿಗಿ ಹಿಡಕೊಂಡು ನಿಂದರ್ಲೇನ್ರಿ?"

ನಾಳೆಯಿಂದ ಬಾ ಅಂದೆ.

ಮೊದಲ ದಿನ ಒಂದು ಹಗುರ ಡಂಬೆಲ್ಲು ಎಡಗೈಗೆ ಕೊಟ್ಟು ಮಡಚಪ್ಪಾ ಅಂದೆ. ಎಲ್ಲರಿಗೂ ಮೊದಲು ಕೊಡುವುದು ಅದನ್ನೇ. ಎರಡೂ ಕೈಗೆ ಕೂಡಿಸಿ ರಾಡು ಕೊಟ್ಟರೆ ಗಟ್ಟಿ ಕೈ ಬಡ ಕೈಯ ಪಾಲನ್ನೂ ಎತ್ತಿಬಿಡುತ್ತದೆ, ಡಂಬೆಲ್ಲಾದರೆ ಯಾವ ಕೈಯ ಕೆಲಸ ಆ ಕೈಗೆ. ಜೊತೆಗೆ, ಎತ್ತುತ್ತ ಎತ್ತುತ್ತ ಅಂಗೈಯನ್ನು ಮೇಲಕ್ಕೆ ತಿರುಗಿಸಬಹುದು, ಆ ತಿರುಗಿಸುವ ಕೆಲಸವೂ ರಟ್ಟೆಯದೇ. ಇದೆಲ್ಲ ಹೇಳಿ ಮುಗಿಸುವುದರೊಳಗೆ ಮಾಳಪ್ಪ ಡಂಬೆಲ್ಲನ್ನು ಭುಜಕ್ಕೆ ತಂದು ನಿಲ್ಲಿಸಿದ್ದ. ನೋಡಿದೆ: ಮೊಣಕಾಲು ಒಂಚೂರು ಬಗ್ಗಿತು, ಸೊಂಟ ಮುಂದೆ ಬಂತು, ಬೆನ್ನು ಹಿಂದೆ ವಾಲಿತು, ಡಂಬೆಲ್ಲು ತಾನಾಗಿ ಹಾರಿ ಮೇಲೆ ಬಂತು. ರಟ್ಟೆಗೆ ಇಷ್ಟೂ ತ್ರಾಸಾಗಿರಲಿಲ್ಲ!

"ಮೈ ತೂಗಬ್ಯಾಡೋ, ಬರೇ ಕೈ ಮಡಚು."

"ಬರೇ ಕೈಯಾಗ್ರೀ?" ಅವನಿಗೆ ನಿಜವಾಗಿಯೂ ಅರ್ಥವಾಗಲಿಲ್ಲ. "ಬರೇ ಕೈಯಾಗ ಎತ್ತಿದ್ರ ಮಧ್ಯಾಹ್ನಕ್ಕ ಹೆಣಾ ಬೀಳ್ತೈತ್ರಿ. ನಮ್ಮಪ್ಪ ಮೊದಲನೇ ದಿನಾನ ಹೇಳಿದ್ದು, ಕೈಗೆ ಗೊತ್ತಾಗಲಾರ್ದಂಗ ಎತ್ತು ಅಂತ."

ಕಾಲೇಜು ಹುಡುಗರು ಮೈ ತೂಗುವುದು ಸೊಕ್ಕಿಗೆ, ಕೈಗೆ ಮೀರಿದ ಭಾರ ಹಿಡಿದು ಕನ್ನಡಿಗೆ ತೋರಿಸುವುದಕ್ಕೆ. ಇವನದು ಹಾಗಲ್ಲ. ಇಪ್ಪತ್ತು ವರ್ಷ ಕೈಯನ್ನು ಉಳಿಸಿ ಮೈಯಿಂದ ದುಡಿಯುವುದನ್ನು ಕಲಿತವನು. ಈಗ ಮೈಯನ್ನು ಉಳಿಸಿ ಕೈಯನ್ನು ದುಡಿಸು ಎಂದರೆ ಎಲ್ಲಿಂದ ಬಂದೀತು? ಆದರೆ ಅವನು ಹಾಗೇ ತೂಗುತ್ತ ಹೋದರೆ ವರ್ಷವಾದರೂ ಆ ಎಡಗೈ ಬಡಕಲಾಗಿಯೇ ಉಳಿಯುತ್ತಿತ್ತು. ಕೈಯ ಕೆಲಸವನ್ನು ಮೈ ಕದ್ದು ಮಾಡುತ್ತಿತ್ತಲ್ಲ.

ಗೋಡೆಗೆ ಬೆನ್ನು ಹಚ್ಚಿ ನಿಲ್ಲಿಸಿದೆ. ಗೋಡೆಯನ್ನೇ ದೂಕಿ ಎತ್ತಿದ. ಬೆಂಚಿಗೆ ಕೂಡಿಸಿದೆ. ಕಾಲು ಒತ್ತಿ ಎದ್ದೇಬಿಟ್ಟ. "ಮೈ ತೂಗಬ್ಯಾಡಾ!" ಎಂದು ನಾನು ದಿನಾ ಎಷ್ಟು ಒದರುತ್ತಿದ್ದೆನೆಂದರೆ, ಪಕ್ಕದ ಚಹಾದಂಗಡಿಯವನು ನನ್ನನ್ನು ಕಂಡಾಗಲೆಲ್ಲ ನಮಸ್ಕಾರ ಬಿಟ್ಟು ಅದನ್ನೇ ಹೇಳತೊಡಗಿದ.

ನಮ್ಮ ಜಿಮ್ಮಿನ ಮಾಲೀಕ ಗುರುಶಾಂತ ಒಳ್ಳೆಯ ಮನುಷ್ಯ, ಆದರೆ ಹೊಸ ಸಾಮಾನಿನ ಹುಚ್ಚ. ಸೋಲಾಪುರಕ್ಕೆ ಹೋಗಿ ತಂತಿ ಎಳೆಯುವ ಕೇಬಲ್ ಯಂತ್ರವೊಂದನ್ನು ತಂದು ನಿಲ್ಲಿಸಿದ್ದ. ಕುಂಕುಮ ಹಚ್ಚಿ ತೆಂಗಿನಕಾಯಿ ಒಡೆದ ಮೇಲೆ ಅದರ ಮುಂದೆ ಕುರ್ಚಿ ಹಾಕಿಕೊಂಡು ಕೂತುಬಿಟ್ಟ. ಮಂಡಿ ನೋವೆಂದು ಬಂದವರನ್ನೂ ಅದಕ್ಕೇ ಕಳಿಸುವನು.

"ಸಂಗಪ್ಪಣ್ಣಾ, ಮಾಳಪ್ಪಗೂ ಇದನ್ನ ಹಚ್ಚು. ಮಷೀನ್ ಬಂದೈತಿ, ಕೆಲಸಾ ಆಗ್ಬೇಕಲ್ಲ?"

"ಮಷೀನಿಗೆ ಕೆಲಸಾ ಬೇಕೋ, ಮಾಳಪ್ಪನ ಕೈಗೆ ಬೇಕೋ?"

ಹಚ್ಚಿದೆ. ನಿಜ ಹೇಳಬೇಕೆಂದರೆ ಕೇಬಲ್ಲು ಕೆಟ್ಟದ್ದಲ್ಲ. ಡಂಬೆಲ್ಲು ಪೂರ್ತಿ ಮೇಲೆ ಬಂದಾಗ ಭಾರ ಎಲುಬಿನ ಮೇಲೆ ಕೂತು ಕೈ ವಿಶ್ರಾಂತಿ ತಗೊಳ್ಳುತ್ತದೆ. ತಂತಿ ಆ ವಿಶ್ರಾಂತಿ ಕೊಡುವುದಿಲ್ಲ, ಕೆಳಗೂ ಎಳೆಯುತ್ತದೆ, ಮೇಲೂ ಎಳೆಯುತ್ತದೆ. ಆದರೆ ಮಾಳಪ್ಪ ತಂತಿಯ ಹಿಡಿಕೆ ಹಿಡಿದು ಒಮ್ಮೆ ಹಿಂದಕ್ಕೆ ವಾಲಿದನೋ ಇಲ್ಲವೋ, ಯಂತ್ರವೇ ನೆಲ ಬಿಟ್ಟು ಒಂದು ಗೇಣು ಮುಂದೆ ಬಂತು. ಗುರುಶಾಂತ ಕುರ್ಚಿ ಸಮೇತ ಹಿಂದೆ ಸರಿದ. "ಬ್ಯಾಡಪಾ ಬ್ಯಾಡ, ಇವಗ ಡಂಬೆಲ್ಲ ಇರ್ಲಿ," ಅಂದ. ಅವತ್ತು ನಾವು ಮೂವರೂ ಕಣ್ಣಲ್ಲಿ ನೀರು ಬರುವ ಹಾಗೆ ನಕ್ಕೆವು.

ಕೊನೆಗೆ ಕೆಲಸಕ್ಕೆ ಬಂದದ್ದು ಇಳಿಜಾರು ಹಲಗೆ. ಎದೆಯೆತ್ತರದ ಹಲಗೆಯ ಮೇಲೆ ಇಡೀ ತೋಳನ್ನು ಊರಿ ಕೈ ಮಡಚುವ ಕರ್ಲ್ ಅದು; ಜಿಮ್ಮಿನವರು ಅದಕ್ಕೆ ಪ್ರೀಚರ್ ಅನ್ನುತ್ತಾರೆ. ಅಲ್ಲಿ ಸೊಂಟದ ಆಟ ನಡೆಯುವುದಿಲ್ಲ. ಆದರೆ ಹುಡುಗರೇ, ಅದರಲ್ಲಿ ಒಂದು ಅಪಾಯವೂ ಇದೆ. ಕೈ ಪೂರ್ತಿ ಚಾಚಿದಾಗ ಎಳೆತವೆಲ್ಲ ಮೊಣಕೈಯ ಮೇಲೆ ಬೀಳುತ್ತದೆ, ಅಲ್ಲಿ ಭಾರ ಹೆಚ್ಚಿಟ್ಟು ದಡಕ್ಕನೆ ಬಿಟ್ಟರೆ ಕೆಟ್ಟಿತು. ಮುರಿದು ಕೂಡಿದ ಕೈಗಂತೂ ಹೂವಿನಷ್ಟು ಭಾರ ಇಡಬೇಕು. ಅಲ್ಲಿದ್ದ ಅತಿ ಹಗುರ ಡಂಬೆಲ್ಲನ್ನು ಕೊಟ್ಟೆ. ಹೆಂಗಸರ ಹೊತ್ತಿನಲ್ಲಿ ಬರುವ ಅಕ್ಕಂದಿರಿಗೆಂದು ಗುರುಶಾಂತ ತಂದಿಟ್ಟಿದ್ದ ಗುಲಾಬಿ ಬಣ್ಣದ್ದು.

ಎರಡನೇ ಸಲ ಮಡಚುವಾಗಲೇ ಕೈ ಗಡಗಡ ನಡುಗಿತು. ಮೈ ಸಹಾಯಕ್ಕೆ ಬರದಿದ್ದಾಗ ಆ ಕೈಯಲ್ಲಿ ಏನೂ ಉಳಿದಿರಲಿಲ್ಲ ಎಂಬುದು ಅವತ್ತು ಅವನಿಗೂ ಗೊತ್ತಾಯಿತು, ನನಗೂ ಗೊತ್ತಾಯಿತು. ಪಕ್ಕದಲ್ಲಿ ಮೀಸೆ ಮೂಡದ ಪೋರನೊಬ್ಬ ಅದರ ನಾಲ್ಕು ಪಟ್ಟು ಎತ್ತುತ್ತಿದ್ದ. ಮಾಳಪ್ಪ ಗುಲಾಬಿ ಡಂಬೆಲ್ಲನ್ನು ನೆಲಕ್ಕಿಟ್ಟ. "ನಾ ಏನ ಕೂಸಿನ ಆಟಿಗಿ ಆಡಾಕ ಬಂದೇನೇನ್ರಿ?" ಎಂದು ಟವೆಲ್ಲು ಹೆಗಲಿಗೆ ಹಾಕಿಕೊಂಡು ಹೊರಟೇಬಿಟ್ಟ. ಮರುದಿನ ಬರಲಿಲ್ಲ, ಅದರ ಮರುದಿನವೂ ಇಲ್ಲ.

ಈ ಕೆಲಸದಲ್ಲಿ ಹೋದವರ ಬೆನ್ನು ಹತ್ತಬಾರದು ಎಂಬುದು ನನ್ನ ನಿಯಮ. ಮಾಳಪ್ಪನ ವಿಷಯದಲ್ಲಿ ಮನಸ್ಸು ಕೇಳಲಿಲ್ಲ. ವಾರದ ಕೊನೆಗೆ ಅವನ ಮನೆಗೆ ಹೋದೆ. ಅವನಿರಲಿಲ್ಲ. ಹೆಂಡತಿ ನೀಲವ್ವ ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದಳು. ಛಲೋ ಗಟ್ಟಿ ಹೆಂಗಸು, ಮಾತು ನೇರ.

"ಬರ್ರಿ ಅಣ್ಣಾರ, ಕುಂದರ್ರಿ. ನೀವು ಅವರಿಗೆ ಏನ ಕಲಸೀರಿ?"

"ಯಾಕ ತಂಗಿ?"

"ಎಡಗೈಲಿ ಕೊಡಾ ಎತ್ತಾಕ ಹೋಗ್ತಾರ, ಆಗಂಗಿಲ್ಲ. ನಾ ನೋಡೇನಿ ಅಂತ ಗೊತ್ತಾದ್ರ ಬಲಗೈಲಿ ಎತ್ತಿ ನಗ್ತಾರ. ಮಲಗಿದಾಗ ಸೈತ ಆ ಕೈಯಾಗ ಏನೋ ಹಿಡದವರಂಗ ಮಡಚಿ ಬಿಚ್ಚತಾರ." ರೊಟ್ಟಿಯನ್ನು ಹಂಚಿಗೆ ಹಾಕಿ ನನ್ನ ಕಡೆ ತಿರುಗಿದಳು. "ಟೋಳಿ ಅಂದ್ರ ಅವರ ಜೀವಾ ಅಣ್ಣಾರ. ಕಾಳು ಬಳಿಯಾಕ ಹೋದ್ರ ಮನುಷ್ಯಾ ಮನ್ಯಾಗ ಇರ್ತಾರ, ಒಳಗ ಜೀವಾ ಇರಂಗಿಲ್ಲ. ಬೈರಿ, ಹೊಡೀರಿ, ಹೆಂಗರ ಮಾಡಿ ಎಳಕೊಂಡ ಹೋಗ್ರಿ."

ಬಿಸಿ ರೊಟ್ಟಿ, ಶೇಂಗಾ ಹಿಂಡಿ, ಮೊಸರು ಕೊಟ್ಟಳು. ಉಂಡು ಕೂತೆ. ಮಾಳಪ್ಪ ಬಂದವನು ನನ್ನನ್ನು ನೋಡಿ ಬಾಗಿಲಲ್ಲೇ ನಿಂತ. ನಾನು ಬೈಯಲಿಲ್ಲ. "ಮಾಳಪ್ಪ, ಗುಲಾಬಿ ಬಣ್ಣ ಬ್ಯಾಡಂದ್ರ ಕರಿ ಬಣ್ಣಾ ಬಳದು ಕೊಡ್ತೇನಿ, ಭಾರ ಅಷ್ಟ ಇರ್ತದ," ಅಂದೆ. ನೀಲವ್ವ ಮೊದಲು ನಕ್ಕಳು. ಆಮೇಲೆ ಅವನೂ ನಕ್ಕ. ಮರುದಿನ ಬೆಳಿಗ್ಗೆ ಬಂದ. ನಾನು ನಿಜವಾಗಿಯೂ ಆ ಡಂಬೆಲ್ಲಿಗೆ ಕರಿ ಬಣ್ಣ ಬಳಿದಿಟ್ಟಿದ್ದೆ. ಹೆಂಗಸರ ಹೊತ್ತಿನ ಅಕ್ಕಂದಿರು ಮಾತ್ರ ತಿಂಗಳುಗಟ್ಟಲೆ ನನ್ನ ಜೀವ ತಿಂದರು.

ಅಲ್ಲಿಂದ ಕೈ ಹತ್ತತೊಡಗಿತು. ಏರಿಸುವುದಕ್ಕಿಂತ ಇಳಿಸುವುದನ್ನು ಮೆತ್ತಗೆ ಮಾಡಿಸಿದೆ. ಹಿಂದೆ ನಾವು ರಾಡನ್ನು ಎತ್ತಿ ದಪ್ಪನೆ ಬಿಡುತ್ತಿದ್ದೆವು, ಎತ್ತುವುದಷ್ಟೇ ಗಂಡಸ್ತನ ಎಂದು ತಿಳಿದು. ಇಳಿಯುವಾಗ ಭಾರವನ್ನು ಹಿಡಿದು ಹಿಡಿದು ಬಿಟ್ಟರೆ ಅದೂ ಅಷ್ಟೇ ದುಡಿಸುತ್ತದೆ ಎಂಬುದು ನಮಗೆ ತಡವಾಗಿ ತಿಳಿಯಿತು. ಆಮೇಲೆ ಕೂತು ಮೊಣಕೈಯನ್ನು ತೊಡೆಯ ಒಳಮಗ್ಗುಲಿಗೆ ಊರಿ ಮಾಡುವ ಕರ್ಲ್ ಕೊಟ್ಟೆ. ಒಂದೇ ಕೈ, ಕಣ್ಣು ಅದರ ಮೇಲೆಯೇ. ಬೆರಳಲ್ಲಿ ಮುಟ್ಟಿ ನೋಡಿದರೆ ಯಾವ ಸ್ನಾಯು ಏಳುತ್ತದೆಂದು ತಿಳಿಯುತ್ತದೆ. ಮಾಳಪ್ಪ ಅದಕ್ಕೆ ಊಟದ ತಾಟಿನ ಮುಂದೆ ಕೂತ ಹಾಗೆ ಶ್ರದ್ಧೆಯಿಂದ ಕೂಡುತ್ತಿದ್ದ. ರಟ್ಟೆಯ ಮೇಲೆ ನಿಂಬೆಕಾಯಿಯಷ್ಟು ಉಬ್ಬು ಕಂಡ ದಿನ ಇಡೀ ಜಿಮ್ಮಿಗೆ ಚಹಾ ಹೇಳಿದ.

ಅದೇ ದಿನಗಳಲ್ಲಿ ಮುದ್ದೇಬಿಹಾಳದ ಕಡೆಯ ಮದುಮಗನೊಬ್ಬ ಗಂಟು ಬಿದ್ದಿದ್ದ. ಸಿಂದಗಿಯಲ್ಲಿ ಅಕ್ಕನ ಮನೆ, ಮದುವೆಗೆ ಎಂಟು ದಿನ. ಮೊಬೈಲಿನಲ್ಲಿ ಹತ್ತಾರು ನಮೂನೆಯ ಕರ್ಲ್ ತೋರಿಸಿ ಎಲ್ಲವನ್ನೂ ಮಾಡಿಸಿ ಅಂದ. "ತಮ್ಮಾ, ರಟ್ಟಿ ಕಸರತ್ತಿನಾಗ ಬೆಳಿಯಂಗಿಲ್ಲ, ಆಮ್ಯಾಲ ಉಂಡು ಮಲಗಿದಾಗ ಬೆಳೀತಾವ. ಒಂದಿನಾ ಮಾಡು, ಎರಡ ದಿನಾ ಬಿಡು," ಎಂದು ಎಷ್ಟು ಹೇಳಿದರೂ ಕೇಳಲಿಲ್ಲ. ಮದುವೆಗೆ ಎರಡೇ ದಿನ ಉಳಿದಾಗ, ನಾನು ಊರಿಗೆ ಹೋಗಿದ್ದ ದಿನ, ನೆಟ್ಟನೆಯ ರಾಡಿನಲ್ಲಿ, ಡೊಂಕು ರಾಡಿನಲ್ಲಿ, ಡಂಬೆಲ್ಲಿನಲ್ಲಿ, ಗುರುಶಾಂತನ ಮುದ್ದಿನ ಕೇಬಲ್ಲಿನಲ್ಲಿ, ಕೈಗೆ ಸಿಕ್ಕಿದ್ದರಲ್ಲೆಲ್ಲ ಸಂಜೆತನಕ ಹೊಡೆದ. ಮುಂದಿನ ಎರಡು ದಿನಕ್ಕೆ ಅವನ ಎರಡೂ ಕೈ ಮೊಣಕೈಯಲ್ಲಿ ಮಡಚಿ ನಿಂತವು, ಚಾಚಲು ಬರಲಿಲ್ಲ. ಮದುವೆಗೆ ನಾನೂ ಹೋಗಿದ್ದೆ. ತಾಳಿ ಹಿಡಿದು ವಧುವಿನ ಕೊರಳ ತನಕ ಕೈ ಒಯ್ದ, ಒಂದು ಗಂಟು ಹಾಕಿದ, ಮುಂದೆ ಬೆರಳು ಏಳಲಿಲ್ಲ. ಉಳಿದ ಗಂಟುಗಳನ್ನು ಅಕ್ಕ ಹಾಕಿದಳು. ಅಕ್ಷತೆ ಕಾಳಿನ ಮಳೆಯಲ್ಲಿ ವಧು ಸೆರಗು ಬಾಯಿಗೆ ಹಿಡಿದು ನಗುತ್ತಿದ್ದುದನ್ನು ನಾನು ಸ್ಪಷ್ಟವಾಗಿ ನೋಡಿದೆ.

ಅಂದಹಾಗೆ ಡೊಂಕು ರಾಡಿನ ಮಾತು ಬಂತು. ನೆಟ್ಟನೆಯ ರಾಡು ಹೆಚ್ಚು ಭಾರ ಎತ್ತಲು ಒಳ್ಳೆಯದೇ, ಆದರೆ ಅಂಗೈಯನ್ನು ಪೂರ್ತಿ ತಿರುವಿ ಹಿಡಿಯಬೇಕಾಗುತ್ತದೆ, ಬಹಳ ಜನರ ಮಣಿಕಟ್ಟು ಅದನ್ನು ತಾಳುವುದಿಲ್ಲ. ಮಧ್ಯದಲ್ಲಿ ಅಲೆ ಅಲೆಯಾಗಿ ಬಾಗಿದ ರಾಡು ಬಂದ ಮೇಲೆ ಆ ನೋವು ಅರ್ಧ ಕಡಿಮೆಯಾಯಿತು. ನನಗೆ ಅದನ್ನು ಮೊದಲು ನೋಡಿದಾಗ ಯಾರೋ ಬೀಳಿಸಿ ಬಗ್ಗಿಸಿದ್ದಾರೆ ಅನ್ನಿಸಿತ್ತು. ಲೇತ್ ಅಂಗಡಿಗೆ ಒಯ್ದು ನೆಟ್ಟಗೆ ಮಾಡಿಸಲು ಹೊರಟಿದ್ದೆ, ಗುರುಶಾಂತ ಓಡಿ ಬಂದು ಕಸಿದುಕೊಂಡ.

ಮಾಳಪ್ಪನ ಕೈಗೆ ಮಾಂಸ ಬಂತು, ಆದರೆ ಒಂದು ದಿನ ಅವನು ಮುಖ ಸಣ್ಣ ಮಾಡಿಕೊಂಡು ಬಂದ. ಮನೆಯಲ್ಲಿ ಅರ್ಧ ಚೀಲ ಜೋಳ ಎತ್ತಿ ನೋಡಿದ್ದಾನೆ, ಮೇಲಕ್ಕೆ ಬರುವಷ್ಟರಲ್ಲಿ ಹಿಡಿತ ಬಿಟ್ಟಿದೆ. ಹೇಗೆ ಹಿಡಿದೆ ತೋರಿಸು ಅಂದೆ. ಚೀಲದ ಮೂಲೆಗೆ ಹಮಾಲರು ಕಿವಿ ಅನ್ನುತ್ತಾರೆ. ಆ ಕಿವಿ ಹಿಡಿಯುವಾಗ ಅಂಗೈ ಆಕಾಶ ನೋಡುವುದಿಲ್ಲ, ಒಳಮಗ್ಗುಲಿಗೆ ತಿರುಗಿ ಹೆಬ್ಬೆರಳು ಮೇಲಿರುತ್ತದೆ. ಅದಕ್ಕೆ ಬೇಕಾದ್ದು ಹ್ಯಾಮರ್ ಕರ್ಲ್, ಸುತ್ತಿಗೆ ಹಿಡಿದ ಹಾಗೆ ಡಂಬೆಲ್ಲು ಹಿಡಿದು ಮಡಚುವುದು. ರಟ್ಟೆಯ ಉಬ್ಬಿನ ಅಡಿಯಲ್ಲಿ ಇನ್ನೊಂದು ಸ್ನಾಯು ಇದೆ, ಮುಂಗೈಯಲ್ಲೂ ಒಂದು ದಪ್ಪ ಸ್ನಾಯು ಇದೆ. ಇವೆರಡಕ್ಕೂ ಸುತ್ತಿಗೆ ಹಿಡಿತವೇ ಊಟ. ಕನ್ನಡಿಯಲ್ಲಿ ಕಾಣುವ ಗುಡ್ಡ ಅದರಿಂದ ಬೇಗ ಏಳುವುದಿಲ್ಲ ಎಂದು ಹುಡುಗರು ಅದನ್ನು ಬಿಟ್ಟುಬಿಡುತ್ತಾರೆ. ಅದರ ಜೊತೆಗೆ ಅಂಗೈ ಕೆಳಗೆ ಮಾಡಿ ಡೊಂಕು ರಾಡು ಎತ್ತುವ ಉಲ್ಟಾ ಕರ್ಲನ್ನೂ ಸೇರಿಸಿದೆ. ದೀಪಾವಳಿ ಹೊತ್ತಿಗೆ ನೀಲವ್ವ ಓಣಿಯಲ್ಲಿ ಎದುರಾಗಿ ಹೇಳಿದಳು: "ಅಣ್ಣಾರ, ಎಡಗೈಲೆ ತುಂಬಿದ ಕೊಡಾ ತಂದು ನನ್ನ ಮುಂದ ಇಟ್ರು. ಅರ್ಧಾ ನೀರು ಚೆಲ್ಲಿದ್ರು, ಆದ್ರ ತಂದ್ರು!"

ಈಗ ಕೇಳಿ, ಯಾವುದು ಛಲೋ? ಗುಡ್ಡ ಬೇಕೆಂದರೆ ಅಂಗೈ ಮೇಲಾಗಿಸಿದ ಡಂಬೆಲ್ಲು, ಒರಗಿದ ಬೆಂಚಿನಲ್ಲಿ ಕೈ ಹಿಂದೆ ಇಳಿಬಿಟ್ಟು ಮಾಡಿದರೆ ಇನ್ನೂ ಛಲೋ. ಮೈ ಕಳ್ಳತನ ಮಾಡುತ್ತಿದ್ದರೆ ಹಲಗೆ. ಮಣಿಕಟ್ಟು ನೊಂದರೆ ಡೊಂಕು ರಾಡು. ಹಿಡಿತ ಬೇಕೆಂದರೆ ಸುತ್ತಿಗೆ. ನಿಮ್ಮ ಮಾಲೀಕ ಹೊಸದಾಗಿ ತಂದಿದ್ದರೆ ಕೇಬಲ್ಲು, ಮನೆ ಶಾಂತಿ ಮುಖ್ಯ. ಎದುರಿಗೆ ನಿಂತವನು ಆ ಕೈಯಿಂದ ಏನು ಮಾಡುತ್ತಾನೆಂದು ಕೇಳದೆ ಯಾವುದನ್ನೂ ಕೊಡಬೇಡಿ. ತೋಳಿನ ಹಿಂದಿನ ಸ್ನಾಯು ಮುಂದಿನದಕ್ಕಿಂತ ದೊಡ್ಡದು, ಅದಕ್ಕೂ ಉಣಿಸಿ ಎಂದು ಹೇಳುವುದನ್ನು ಮರೆಯಬೇಡಿ. ಯಾರೂ ಕೇಳುವುದಿಲ್ಲ, ಆದರೂ ಹೇಳಿ.

ತೊಗರಿ ಬಂತು. ಪರೀಕ್ಷೆಯ ಬೆಳಿಗ್ಗೆ ನಾನು ಮಾರುಕಟ್ಟೆಗೆ ಹೋದೆ. ಹೋಗದೆ ಇರಲು ನನ್ನಿಂದ ಆಗಲಿಲ್ಲ. ಬೇವಿನ ಮರದ ಕೆಳಗೆ ನಿಂತೆ. ಎದೆಮಟ್ಟಕ್ಕೆ ಚೀಲಗಳ ಸಾಲು ಒಟ್ಟಿತ್ತು. ಟೋಳಿಯವರೆಲ್ಲ ಸುತ್ತ ನಿಂತಿದ್ದರು. ಭೀಮಶಿ ಕಾಕಾ ತಲೆಗೆ ಟವೆಲ್ಲು ಸುತ್ತಿಕೊಂಡು ಒಂದು ಚೀಲದ ಮೇಲೆ ಕೂತಿದ್ದ. ಮಾಳಪ್ಪ, ಶರಣಪ್ಪ ಆಚೀಚೆ ನಿಂತು ಮೊದಲ ಚೀಲದ ಕಿವಿ ಹಿಡಿದರು. ಆಗ ಮಾಳಪ್ಪನ ಕಣ್ಣು ನನ್ನ ಮೇಲೆ ಬಿತ್ತು.

ನಾನು ಅಲ್ಲಿ ನಿಂತದ್ದೇ ತಪ್ಪಾಯಿತು. ನನ್ನನ್ನು ನೋಡಿದ್ದೇ ತಡ, ಅವನು ಜಿಮ್ಮಿನಲ್ಲಿ ನಿಂತ ಹಾಗೆ ನೆಟ್ಟಗಾದ. ಬೆನ್ನು ಕಂಬ, ಮೊಣಕೈ ಪಕ್ಕೆಗೆ ಅಂಟಿತು, ಸೊಂಟ ಅಲುಗಲಿಲ್ಲ. ಶರಣಪ್ಪ ಇಡೀ ಮೈ ತೂಗಿ "ಹೈಸಾ" ಎಂದ. ಮಾಳಪ್ಪ ಬರೇ ಕೈಯಿಂದ ಮಡಚಿ ಎತ್ತಿದ. ಒಂದು ಮಗ್ಗುಲು ಹಾರಿತು, ಇನ್ನೊಂದು ಅರ್ಧಕ್ಕೇ ನಿಂತಿತು. ಚೀಲ ತಿರುಗಿ ಧೊಪ್ಪನೆ ನೆಲಕ್ಕೆ ಬಿತ್ತು, ಶರಣಪ್ಪ ಅದರ ಮೇಲೆ ಬಿದ್ದ.

ಯಾರೂ ನಗಲಿಲ್ಲ. ಅದಕ್ಕೇ ನನಗೆ ಹೆಚ್ಚು ಭಯವಾದದ್ದು. ಭೀಮಶಿ ಕಾಕಾ ಗಂಟಲು ಸರಿಮಾಡಿಕೊಂಡು, "ಒಂದು ಬಿತ್ತು ಮಾಳ್ಯಾ," ಅಂದ. ಮಾಳಪ್ಪ ಎರಡನೇ ಚೀಲಕ್ಕೆ ಬಗ್ಗಿದ, ಮತ್ತೆ ನನ್ನ ಕಡೆ ನೋಡಿದ, ಮತ್ತೆ ಮೊಣಕೈಯನ್ನು ಪಕ್ಕೆಗೆ ಅಂಟಿಸಿದ!

ಮರದ ಕೆಳಗಿಂದ ಓಡಿ ಬಂದೆ, ಮೊಣಕಾಲು ನೋವೆಲ್ಲ ಎಲ್ಲಿ ಹೋಯಿತೋ. "ಮೈ ತೂಗಲೇ ಮಾಳ್ಯಾ! ತೂಗೂ!"

ಮಾಳಪ್ಪ ಚೀಲ ಹಿಡಿದುಕೊಂಡೇ ಕಣ್ಣು ಬಿಟ್ಟ. "ನೀವ ಬ್ಯಾಡ ಅಂದಿದ್ರಲ್ರಿ?"

"ಅದು ಅಲ್ಲಿಲೇ! ಕೈ ಬೆಳಸೂ ಮುಂದ ಬ್ಯಾಡ ಅಂದಿದ್ದೆ. ಈಗ ಬೆಳದೈತಿ! ನಿಮ್ಮಪ್ಪ ಕಲಿಸಿದಂಗ ಎತ್ತಲೇ, ಮೈ ತೂಗು!"

ಟೋಳಿಯಲ್ಲಿ ಯಾರೋ ಕಿಸಕ್ಕನೆ ನಕ್ಕರು. ಮಾಳಪ್ಪ ಒಮ್ಮೆ ಉಸಿರು ಬಿಟ್ಟ, ಭುಜ ಸಡಿಲವಾಯಿತು, ಮೊಣಕಾಲು ಬಗ್ಗಿತು. ಇಬ್ಬರೂ ಕೂಡಿ "ಹೈಸಾ" ಅಂದರು. ಚೀಲ ಎರಡೂ ಮಗ್ಗುಲಿನಿಂದ ಸಮನಾಗಿ ಎದ್ದು ಸಾಲಿನ ಮೇಲೆ ಹೋಗಿ ಮಲಗಿತು. ಅದರ ಕಿವಿಯನ್ನು ಅವನ ಎಡಗೈ ಕೊನೆಯ ಗಳಿಗೆಯ ತನಕ ಬಿಟ್ಟಿರಲಿಲ್ಲ. ಮೂರನೆಯದನ್ನು ಎತ್ತುವಾಗ ಅವನು ನನ್ನನ್ನು ನೋಡಲೇ ಇಲ್ಲ. ಅದು ಎರಡನೆಯದಕ್ಕಿಂತ ಒಂದು ಸಾಲು ಮೇಲೆ ಹೋಗಿ ಕೂತಿತು. ಶರಣಪ್ಪ "ಲೇ, ಇವನವ್ವನ, ಮೆತ್ತಗೋ!" ಎಂದು ಕೂಗಿದ. ಇಡೀ ಟೋಳಿ ಸಿಳ್ಳೆ ಹೊಡೆಯಿತು.

ಭೀಮಶಿ ಕಾಕಾ ಹೊಗಳಲಿಲ್ಲ, ಬೆನ್ನು ತಟ್ಟಲಿಲ್ಲ. ಕೂತಲ್ಲಿಂದ ಎದ್ದು ಟವೆಲ್ಲು ಝಾಡಿಸಿದ. "ಬುತ್ತಿ ಎಲ್ಲೈತ್ಲೇ? ಹೊರಗ ಲಾರಿ ನಿಂತಾವ. ಮಧ್ಯಾಹ್ನ ಏನ ಉಣ್ತಿ?"

ಮಾಳಪ್ಪ ಬರಿಗೈ ತೋರಿಸಿದ. ಬುತ್ತಿ ತಂದಿರಲಿಲ್ಲ. ಸೋತರೆ ಕಟ್ಟಿಕೊಂಡ ಬುತ್ತಿಯನ್ನು ಹಾಗೇ ಮನೆಗೆ ಒಯ್ಯಬೇಕಲ್ಲ, ಹೆಂಡತಿಯ ಮುಂದೆ ಬಿಚ್ಚಬೇಕಲ್ಲ ಎಂದು ಅಂಜಿ, ಇವತ್ತು ಪರೀಕ್ಷೆ ಇದೆ ಎಂಬುದನ್ನೇ ಮನೆಯಲ್ಲಿ ಹೇಳಿರಲಿಲ್ಲ. ಅಷ್ಟರಲ್ಲಿ ತೂಕದ ಕಟ್ಟೆಯ ಹಿಂದಿನಿಂದ ನೀಲವ್ವ ಬಂದಳು. 'ಹೈಸಾ' ಕೇಳುವ ತನಕ ಅಲ್ಲೇ ಅವಿತು ನಿಂತಿದ್ದಳಂತೆ. ತಲೆಯ ಮೇಲೆ ಬುಟ್ಟಿ. ಅದು ಒಬ್ಬನ ಬುತ್ತಿಯಾಗಿರಲಿಲ್ಲ. ಟೋಳಿಗೆಲ್ಲ ಸಾಲುವಷ್ಟು ರೊಟ್ಟಿ ಬಡಿದು ತಂದಿದ್ದಳು.

"ನಿನಗ ಯಾರ ಹೇಳಿದ್ರು?" ಮಾಳಪ್ಪ ಕೇಳಿದ.

"ನಿನ್ನ ಮುಖಾ ಹೇಳಿತು." ಅವಳು ಬುಟ್ಟಿಯನ್ನು ಅವನ ಎಡಗೈಗೇ ಕೊಟ್ಟಳು. ಅವನು ಹಿಡಿದ. "ಸಂಜೀಕೆ ಆ ಜಿಮ್ಮು ಪಮ್ಮು ಸಾಕು. ಕೆಲಸಾ ಮುಗದ ಕೂಡ್ಲೆ ನೆಟ್ಟಗ ಮನಿಗೆ ಬಾ." ಆಮೇಲೆ ನನ್ನನ್ನು ನೋಡಿ ನಾಲಿಗೆ ಕಚ್ಚಿಕೊಂಡಳು. "ಸಿಟ್ಟಾಗಬ್ಯಾಡ್ರಿ ಅಣ್ಣಾರ."

ಸಿಟ್ಟೇ? ಇಪ್ಪತ್ತು ಜನರ ನಡುವೆ ನಿಂತು ನಾನು ಅಳುತ್ತಿದ್ದೆ, ನಗುತ್ತಿದ್ದೆ, ಎರಡೂ ಒಟ್ಟಿಗೆ. ಮಾಳಪ್ಪ ಅವತ್ತಿನಿಂದ ನನ್ನ ಜಿಮ್ಮಿಗೆ ಒಂದು ದಿನವೂ ಬರಲಿಲ್ಲ. ಬಿಟ್ಟು ಹೋದ ಎಷ್ಟೋ ಹುಡುಗರನ್ನು ಬೈದುಕೊಂಡಿದ್ದೇನೆ. ಇವನು ಬಾರದೆ ಹೋದ ಪ್ರತಿ ಸಂಜೆಯೂ ನನಗೆ ಹಬ್ಬವಾಗಿತ್ತು.